ಬಂದರ ಬಿಡೂದಿಲ್ಲ

ಹೆದರುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಸಾಂಗ್ಲಿಯ ಅಂಚಿಗೆ, ಕೃಷ್ಣೆಯ ಕಡೆ ಇಳಿಯುವ ರಸ್ತೆಯಲ್ಲಿ, ಒಬ್ಬ ಅರಿಸಿನ ವ್ಯಾಪಾರಿಯ ದೊಡ್ಡ ಅಂಗಳದ ಮೂಲೆಯಲ್ಲಿ ನಮ್ಮ ಮನೆ. ಮನೆ ಎಂದರೆ ತಗಡು ಹೊದಿಸಿದ ಎರಡು ಖೋಲಿ. ಆ ಅಂಗಳದ ನೆಲದಡಿ ಪೇವುಗಳಿದ್ದವು. ಪೇವು ಎಂದರೆ ಅರಿಸಿನ ಕೂಡಿಡುವ ಹೊಂಡ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಒಂದು ಖೋಲಿಯಷ್ಟು ಅಗಲ. ಅರಿಸಿನ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಹಿಡಿಯುತ್ತಿರಲಿಲ್ಲ. ಹುಳವೂ ಬದುಕದ ಗಾಳಿ ಅದು. ಅಪ್ಪನ ಕೆಲಸವೇ ಪೇವು ತೆರೆಯುವುದು. ಕಲ್ಲು ಸರಿಸಿ, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದ. ದೀಪ ಆರಿತೆಂದರೆ ಕಾಯಬೇಕು, ಕೆಲವೊಮ್ಮೆ ಎರಡು ದಿನ. ಆರದಿದ್ದರೆ ಅಪ್ಪ ಇಳಿಯುತ್ತಿದ್ದ. ಅವನು ಮೇಲೆ ಬರುವವರೆಗೆ ಅವ್ವ ಒಲೆಯ ಮುಂದೆ ಕೂತಲ್ಲೇ ಕೂತಿರುತ್ತಿದ್ದಳು, ಹಂಚಿನ ಮೇಲಿನ ರೊಟ್ಟಿ ಸೀದರೂ ತಿರುವುತ್ತಿರಲಿಲ್ಲ. ಅವನು ಹಳದಿ ಮೈಯಿಂದ ಬಾಗಿಲಲ್ಲಿ ನಿಂತಾಗ ಮಾತ್ರ ಸೀದ ರೊಟ್ಟಿಗಾಗಿ ನನ್ನನ್ನು ಬಯ್ಯುತ್ತಿದ್ದಳು. ಅಂಗಳದಲ್ಲಿ ನಾನು ಪೇವಿನ ಕಲ್ಲುಗಳ ಮೇಲೆ ಕಾಲಿಡದೆ ನಡೆಯುವುದನ್ನು ಕಲಿತೆ. ಇಂದಿಗೂ ಹೊಸ ಮನೆಯ ಟೈಲ್ಸ್ ಮೇಲೆ ಗೆರೆ ನೋಡಿ ಹೆಜ್ಜೆ ಹಾಕುತ್ತೇನೆ, ಮೊಮ್ಮಕ್ಕಳು ನಗುತ್ತಾರೆ.

ನಾವು ಅಥಣಿಯ ಕಡೆಯಿಂದ ಕೂಲಿಗೆಂದು ಬಂದವರು. ಮನೆಯಲ್ಲಿ ಕನ್ನಡ, ಅಂಗಳದಾಚೆ ಮರಾಠಿ. ಈ ಎರಡರ ನಡುವೆ ನನ್ನ ತಲೆ ಕೆಟ್ಟುಹೋಗಿತ್ತು. ನಮ್ಮಲ್ಲಿ ಆಯಿ ಎಂದರೆ ಅಜ್ಜಿ, ಶಾಲೆಯಲ್ಲಿ ಆಯಿ ಎಂದರೆ ತಾಯಿ. ಒಂದನೇ ಇಯತ್ತೆಯಲ್ಲಿ ಪಾಠ ಹೇಳುವ ಬಾಯಿಯವರು ನಿನ್ನ ಆಯಿ ಏನು ಮಾಡುತ್ತಾಳೆಂದು ಕೇಳಿದಾಗ, ಹಲ್ಲಿಲ್ಲ, ಜಗಳ ಮಾಡುತ್ತಾಳೆ ಎಂದು ಉತ್ತರ ಕೊಟ್ಟಿದ್ದೆ. ಇಡೀ ವರ್ಗ ನಕ್ಕಿತು. ಅವತ್ತಿನಿಂದ ಒಂದು ಮಾತಿಗೆ ಎರಡು ಅರ್ಥವಿರಬಹುದೆಂಬ ಬುದ್ಧಿ ನನಗೆ ಬರಬೇಕಿತ್ತು. ಬರಲಿಲ್ಲ. ಅದರ ಶಿಕ್ಷೆಯನ್ನು ಅನುಭವಿಸಿದವಳು ಮಾಲನ್.

ಮಾಲನ್ ನನ್ನ ತಾರಾ ಅತ್ತಿಯ ಮಗಳು, ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು. ಅಪ್ಪನ ತಂಗಿ ತಾರಾ ಅತ್ತಿಯನ್ನು ಗೋವೆಯಲ್ಲಿ, ಮಾರ್ಮಗೋವೆಯಲ್ಲಿ ಹಡಗಿಗೆ ಮಾಲು ತುಂಬುವ ಸಿದ್ದಪ್ಪ ಮಾಮಾನಿಗೆ ಕೊಟ್ಟಿದ್ದರು. ಆಗ ಅಲ್ಲಿ ಪರಂಗಿಯವರ, ಅಂದರೆ ಪೋರ್ತುಗೀಜರ ರಾಜ್ಯ. ಮದುವೆಯಾದ ಏಳನೇ ವರ್ಷ ಪಂಚಮಿಗೆಂದು ಅತ್ತಿ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಮಿರಜಿಯಲ್ಲಿ ರೈಲುಗಾಡಿ ಇಳಿದಳು. ಎಂಟು ದಿನಕ್ಕೆ ಬಂದವಳು, ಇನ್ನೆರಡು ದಿನ, ಇನ್ನೆರಡು ದಿನ ಎಂದು ಉಳಿದಳಂತೆ. ಅಷ್ಟರಲ್ಲಿ ಎರಡು ಸರಕಾರಗಳ ನಡುವೆ ತಂಟೆ ಬೆಳೆದು ಗಾಡಿ ನಿಂತಿತು, ಗಡಿ ಮುಚ್ಚಿತು, ಟಪಾಲೂ ಇಲ್ಲವಾಯಿತು. ಎಂಟು ದಿನದ ತವರು ಆರು ವರ್ಷವಾಯಿತು. ನನಗೆ ಬುದ್ಧಿ ಬರುವ ಹೊತ್ತಿಗೆ ಅತ್ತಿ, ಮಾಲನ್ ನಮ್ಮ ಮನೆಯ ಒಲೆ-ಬೀಸುಕಲ್ಲುಗಳ ಹಾಗೆ ಅಲ್ಲೇ ಇದ್ದವರು.

ಅತ್ತಿಗೂ ಆಯಿಗೂ ದಿನಾ ಜಗಳ. ಅತ್ತಿ ಬೇಳೆಗೆ ತೆಂಗಿನಕಾಯಿ ಅರೆದು ಹಾಕುತ್ತಿದ್ದಳು, ಹುಣಸೆ ಬಿಟ್ಟು ಕೋಕಂ ಹಾಕುತ್ತಿದ್ದಳು. ಆಯಿ ತಾಟನ್ನು ದೂರ ಸರಿಸಿ, ಇದು ಸಾರೋ ತಲೆಗೆ ಹಚ್ಚುವ ಎಣ್ಣೆಯೋ ಎಂದು ಕೇಳುತ್ತಿದ್ದಳು. ಅತ್ತಿ ಬಿಡುತ್ತಿರಲಿಲ್ಲ. ಅವಳ ದನಿ ಅಂಗಳದಾಚೆಯ ಗಾಡಿಯವರಿಗೂ ಕೇಳಿಸುತ್ತಿತ್ತು. ಜಗಳ ಮುಗಿದ ಮೇಲೆ ಅದೇ ಸಾರು ಉಣ್ಣುತ್ತಾ ಆಯಿಯೇ ಗೋವೆಯ ಕಥೆ ಕೇಳುತ್ತಿದ್ದಳು. ಆ ಊರಿನ ಇತಿಹಾಸವನ್ನು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, ಕೋಕಂ ಹಾಕಿದ ಸಾರಿನ ಮುಂದೆ ಕೂತು. ಮೊದಲು ಅಲ್ಲಿ ಕಡಲಿಗೆ ಚಾಚಿದ ಒಂದು ಗುಡ್ಡ, ಒಂದು ಕೋಟೆ ಅಷ್ಟೇ ಇತ್ತಂತೆ. ಪರಂಗಿಯವರು ಯಾವ ಕಾಲದಲ್ಲೋ ತಮ್ಮ ರಾಜಧಾನಿಯನ್ನೇ ಅಲ್ಲಿಗೆ ಒಯ್ಯುತ್ತೇವೆಂದು ಮನೆಗಳನ್ನು ಕಟ್ಟಿಸಿ, ಮನಸ್ಸು ಬದಲಿಸಿ ಹಾಗೇ ಬಿಟ್ಟರಂತೆ. ಎಷ್ಟೋ ಕಾಲದ ಮೇಲೆ ಇಂಗ್ಲಿಷರ ಕಂಪನಿ ಬಂದು ಘಟ್ಟ ಕಡಿದು ರೈಲು ಹಾಕಿತು, ಅಲೆ ತಡೆಯಲು ಕಡಲಿನಲ್ಲೇ ಕಲ್ಲಿನ ಗೋಡೆ ಎಬ್ಬಿಸಿತು. ಮಿರಜಿಯಿಂದ ಹೊರಟ ಗಾಡಿ ಹಡಗಿನ ಬಾಯಿಗೇ ಹೋಗಿ ನಿಲ್ಲುತ್ತಿತ್ತು. ಘಟ್ಟದ ಮೇಲೆ ನಮ್ಮ ಸರಕಾರದವರು ಗಂಟು ಬಿಚ್ಚಿಸಿ ನೋಡಿದರೆ, ಘಟ್ಟದ ಕೆಳಗೆ ಪರಂಗಿಯವರು ಮತ್ತೆ ಬಿಚ್ಚಿಸುತ್ತಿದ್ದರು. ಎರಡು ಸಲ ಬಿಚ್ಚಿ ಕಟ್ಟಿದ ಚಕ್ಕುಲಿ ಗಂಡನ ಮನೆ ಮುಟ್ಟುವಾಗ ಪುಡಿಯಾಗಿರುತ್ತಿತ್ತು ಎಂದು ಅತ್ತಿ ನಗುತ್ತಿದ್ದಳು. ಹಡಗು ಹತ್ತುವ ಜಾಗವನ್ನು ಅವಳು ಯಾವಾಗಲೂ ಧಕ್ಕಿ ಎನ್ನುತ್ತಿದ್ದಳು. ಧಕ್ಕಿ ಮ್ಯಾಲ ಬುತ್ತಿ ಒಯ್ದೆ, ಧಕ್ಕಿ ಮ್ಯಾಲ ಕೆಂಪು ಧೂಳು, ಹೀಗೆ. ಬೇರೆ ಹೆಸರನ್ನು ಅವಳ ಬಾಯಿಂದ ನಾನು ಕೇಳಿರಲಿಲ್ಲ.

ನಗುತ್ತಾ ಶುರುವಾದ ಕಥೆ ಪೊಲೀಸರ ಹತ್ತಿರ ಬಂದಾಗ ಅವಳ ದನಿ ತಾನಾಗಿ ಇಳಿಯುತ್ತಿತ್ತು. ಪರಂಗಿ ಪೊಲೀಸರು ನೂರಾರು ಮೈಲಿ ದೂರ. ಆದರೂ ಅವಳು ಬಾಗಿಲು ನೋಡಿ ಮಾತಾಡುತ್ತಿದ್ದಳು, ಅವಳನ್ನು ನೋಡಿ ನಾನೂ ಬಾಗಿಲು ನೋಡುತ್ತಿದ್ದೆ.

"ನಾಲ್ಕ ಮಂದಿ ಕೂಡಿ ನಿಂತ್ರ ಪೊಲೀಸ ಬಂದ ಕೇಳ್ತಿದ್ದ. ಐದನೇದಾಂವ ತಾನ ಆಗಿ ಮನಿಗೆ ಹೋಗ್ತಿದ್ದ. ಒಬ್ಬಾಂವನ ಕಿಸೇದಾಗ ಹಿಂದೂಸ್ತಾನದ ಬಾವಟಾ ಸಿಕ್ಕಿತ್ತು, ಅಂಗೈಯಷ್ಟ ಬಾವಟಾ. ಮರುದಿನ ಅವನ ಜಾಗಾಕ್ಕ ಬ್ಯಾರೆಯವ ಬಂದ. ಅವನ ಹೆಸರ ಯಾರೂ ತಗೀಲಿಲ್ಲ."

ನನಗೆ ಏಳು ವರ್ಷವಿದ್ದಾಗ ಆಯಿ, ಘಟ್ಟದ ಕಾಡು ದಾಟಿ ಕದ್ದು ಹೋಗಿಬರುವ ಒಬ್ಬ ಗೌಂಡಿಯ ಕೈಯಲ್ಲಿ ಸಿದ್ದಪ್ಪ ಮಾಮಾನಿಗೆ ಹೇಳಿಕಳಿಸಿದ್ದಳು: ನೀನಾದರೂ ಈ ಕಡೆ ಬಾ, ಇಲ್ಲವೆ ಗಡಿಯ ತನಕ ನಾವು ಅವಳನ್ನು ಕರೆತರುತ್ತೇವೆ, ನೀನು ಒಯ್ಯಿ. ಅದಕ್ಕೆ ಉತ್ತರ ಏನು ಬರುತ್ತದೆಂದು ಮನೆ ತಿಂಗಳುಗಟ್ಟಲೆ ಕಾಯಿತು. ಉತ್ತರ ಬಂದ ದಿನ ಮನೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲ. ಮಧ್ಯಾಹ್ನ. ಅವ್ವ, ಅತ್ತಿ ಅರಿಸಿನ ಆರಿಸುವ ಕೆಲಸಕ್ಕೆ ಹೋಗಿದ್ದರು, ಆಯಿ ಗಿರಣಿಗೆ. ಮಾಲನ್ ಮಲಗಿದ್ದಳು. ಕಾಲಿಗೆ ಚಿಂದಿ ಸುತ್ತಿಕೊಂಡ ಒಬ್ಬ ಗಡ್ಡದವನು ಬಾಗಿಲಿಗೆ ಬಂದು ನಿಂತ. ಬಿಸಿಲು ಅವನ ಬೆನ್ನಿಗಿತ್ತು, ಮುಖ ಕಾಣುತ್ತಿರಲಿಲ್ಲ. ನಾನು ಕಂಬ ಹಿಡಿದುಕೊಂಡೆ.

"ತಾರವ್ವ ಇಲ್ಲೇ ಇರ್ತಾಳೇನ?"

"ಕೆಲಸಕ್ಕ ಹೋಗ್ಯಾಳ್ರಿ."

"ಬಂದ ಮ್ಯಾಲ ಹೇಳು. ನಾ ಸಿದ್ದಪ್ಪನ ಕೂಡ ಕೆಲಸಾ ಮಾಡೂ ಟೋಳಿಯಾಂವ. ಏನ ಆದ್ರೂ ಬಂದರ ಬಿಡೂದಿಲ್ಲ ಅಂದಾನ ಅಂತ ಹೇಳು. ಇಷ್ಟ ಹೇಳು ಸಾಕು, ಅಕಿಗೆ ತಿಳೀತದ. ನನಗ ಜತ್ತಕ್ಕ ಹೋಗೂ ಮೋಟಾರ ಸಿಗಬೇಕು."

ಅವನು ನೀರು ಕೂಡ ಕೇಳದೆ ಹೋದ. ನಾನು ಕಂಬ ಬಿಡಲಿಲ್ಲ. ನಮ್ಮ ಕನ್ನಡದಲ್ಲಿ ಬಂದರ ಎಂದರೆ ಬಂದರೆ ಎಂದೇ ಅರ್ಥ. ಮಳಿ ಬಂದರ, ಮಾವ ಬಂದರ. ಬಂದರ ಬಿಡೂದಿಲ್ಲ ಎಂದರೆ, ಬಂದದ್ದೇ ಆದರೆ ಜೀವಸಹಿತ ಬಿಡುವುದಿಲ್ಲ. ಜಗಳದಲ್ಲಿ ಗಂಡಸರು ಹೊಟ್ಟೆಯಿಂದ ತೆಗೆದು ಹೇಳುವ ಮಾತು ಅದು. ಅತ್ತಿ ಅಲ್ಲಿಗೆ ಹೋದರೆ ಮಾಮಾ ಅವಳನ್ನು ಕೊಂದುಬಿಡುತ್ತಾನೆ ಎಂದು ನನಗೆ ಸ್ಪಷ್ಟವಾಗಿ ಅರ್ಥವಾಯಿತು. ಎಂಟು ದಿನಕ್ಕೆಂದು ಹೋದವಳು ವರ್ಷಗಟ್ಟಲೆ ಕೂತಳಲ್ಲ, ಅವನಿಗೆ ಸಿಟ್ಟು ಬಂದಿದೆ. ಸಂಜೆ ಎಲ್ಲರೂ ಕೈಕಾಲು ತೊಳೆದು ಬಂದಾಗ ಒಂದಕ್ಷರ ಬದಲಿಸದೆ ಹೇಳಿದೆ. ಆದರೆ ಹೇಳುವಾಗ ಅಳುತ್ತಿದ್ದೆ. ನನ್ನ ಅಳು ಆ ಮಾತಿಗೆ ಅರ್ಥ ಹಚ್ಚಿತು.

"ಬಿಡೂದಿಲ್ಲ ಅಂದನೇನು?" ಆಯಿ ಎದ್ದು ನಿಂತಳು. "ನನ್ನ ಮಗಳ ಹೋದ್ರ ಜೀವಂತ ಬಿಡೂದಿಲ್ಲಂತ. ಹೋಗದಿದ್ರ ತಾನ ಬಂದು ಕೂಸಿನ ಒಯ್ತಾನ ನೋಡ್ರಿ. ಗಂಡಸರ ಸಿಟ್ಟ ನನಗ ಗೊತ್ತಿಲ್ಲೇನು."

ಅತ್ತಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಲೆಯ ಮೇಲೆ ಸೆರಗೆಳೆದುಕೊಂಡು ಒಳಗೆ ಹೋದಳು. ಅವಳೂ ಹೆದರಿದಳೆಂದು ನಾವೆಲ್ಲ ತಿಳಿದೆವು.

ಅಂದಿನಿಂದ ನಮ್ಮ ಮನೆಯಲ್ಲಿ ಹೆದರಿಕೆಗೆ ಒಂದು ಹೆಸರು ಬಂತು. ಮಾಲನ್ ಉಣ್ಣದಿದ್ದರೆ, ನಿಮ್ಮಪ್ಪ ಬರ್ತಾನ. ಮಾಲನ್ ರಸ್ತೆಗೆ ಹೋದರೆ, ನಿಮ್ಮಪ್ಪ ಬರ್ತಾನ. ಬೇರೆ ಮಕ್ಕಳಿಗೆ ಗುಮ್ಮ ಇದ್ದ ಹಾಗೆ ಅವಳಿಗೆ ಅಪ್ಪ. ಅವನ ಮುಖ ಅವಳಿಗೆ ನೆನಪಿರಲಿಲ್ಲವಾದ್ದರಿಂದ ಯಾವ ಗಂಡಸಾದರೂ ಅವನಾಗಿರಬಹುದಿತ್ತು. ಶಾಲೆಯಲ್ಲಿ ಅವಳ ಹೆಸರಿನ ಮುಂದೆ ನನ್ನ ಅಪ್ಪನ ಹೆಸರು ಬರೆಸಿದರು. ಅಂಗಳಕ್ಕೆ ಗುರುತಿಲ್ಲದವರು ಬಂದರೆ ಅವಳನ್ನು ಅಡಗಿಸುವ ಕೆಲಸ ನನ್ನದು. ಗೋಣಿಚೀಲಗಳ ಹಿಂದೆ ಇಬ್ಬರೂ ಕೂತಿರುತ್ತಿದ್ದೆವು, ಅವಳ ಬೆವರಿದ ಕೈ ನನ್ನ ಕೈಯಲ್ಲಿ. ನಾನು ದೊಡ್ಡವಳು, ಅವಳಿಗೆ ಧೈರ್ಯ ಹೇಳಬೇಕು. ನನಗೇ ಹಲ್ಲು ಕಟಕಟ ಎನ್ನುತ್ತಿತ್ತು.

ಆ ದಿನಗಳಲ್ಲಿ ಊರ ಸುತ್ತ ಎಲ್ಲರ ಬಾಯಲ್ಲೂ ಸಹಕಾರಿ ಸೊಸಾಯಿಟಿಯ ಮಾತು. ಕಬ್ಬಿನವರು ಕೂಡಿ ಸಕ್ಕರೆ ಕಾರ್ಖಾನೆ ಎಬ್ಬಿಸಿದ್ದರು, ಅರಿಸಿನದವರೂ ಕೂಡಬೇಕೆನ್ನುತ್ತಿದ್ದರು. ಪಕ್ಕದ ಸಮಡೋಳಿಯ ರೈತರು ಗಾಡಿ ಬಿಟ್ಟು ಅಂಗಳದ ಕಟ್ಟೆಯ ಮೇಲೆ ಕೂತು, ಇನ್ನು ವ್ಯಾಪಾರಿ ಯಾಕೆ ಬೇಕು ಎಂದು ವ್ಯಾಪಾರಿಯ ಚಹಾ ಕುಡಿಯುತ್ತಲೇ ವಾದ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಸೊಸಾಯಿಟಿಯ ಕಾರಕೂನನೊಬ್ಬ ಹೆಸರು ಬರೆದುಕೊಳ್ಳಲು ಸೈಕಲ್ ಮೇಲೆ ಬಂದ. ಖಾಕಿ ಅಂಗಿ, ದೊಡ್ಡ ಮೀಸೆ. ಮಾಲನ್ ಅಂಗಳದ ನಡುವೆ ಒಬ್ಬಳೇ ಇದ್ದಳು. ಚೀಲಗಳ ಕಡೆ ಬರಲು ಅವನನ್ನು ದಾಟಬೇಕಿತ್ತು. ಅವಳು ಹಿಂದೆ ತಿರುಗಿ ಓಡಿದಳು. ಅಲ್ಲಿ ಅಪ್ಪ ಆಗಷ್ಟೇ ತೆರೆದಿದ್ದ ಪೇವು. ಇಳಿಬಿಟ್ಟ ಕಂದೀಲು ಆರಿದ್ದರಿಂದ ಅವನು ಹಗ್ಗ ಸುತ್ತುತ್ತಾ ಆಚೆ ನಿಂತಿದ್ದ. ಮಾಲನ್ ಬಾಯಿಯ ಅಂಚಿಗೆ ಕೂತು ಕಾಲು ಒಳಗೆ ಬಿಟ್ಟಳು. ನಾನು ಬಾಗಿಲಿನಿಂದ ನೋಡಿದೆ. ಕೂಗಬೇಕು, ದನಿ ಹೊರಡಲೊಲ್ಲದು. ಅವಳು ಕೈ ಊರಿ ಕೆಳಗೆ ಜಾರುತ್ತಿದ್ದಳು, ಸೊಂಟ ಒಳಗೆ ಹೋಯಿತು. ಅಪ್ಪ ಹಗ್ಗ ಎಸೆದು ಬಂದು ಅವಳ ಜಡೆ ಹಿಡಿದು ಎಳೆದ. ಎಳೆದವನೇ ಕೆನ್ನೆಗೆ ಹೊಡೆದ. ಹೊಡೆದು ಅಲ್ಲೇ ಮಣ್ಣಲ್ಲಿ ಕೂತುಬಿಟ್ಟ.

"ಯಾಕ ಇಳದಿ ಅದರಾಗ? ಸಾಯತಿದ್ದಿ."

"ಅಪ್ಪ ಬಂದಾನ ಅನಕೊಂಡೆ," ಎಂದಳು ಮಾಲನ್.

ಅವತ್ತು ಕೂಗಲಾಗದೆ ನಿಂತದ್ದಕ್ಕೆ ನನ್ನನ್ನು ಯಾರೂ ಬಯ್ಯಲಿಲ್ಲ. ನೋಡಿದವರೇ ಇಲ್ಲ. ನನಗೆ ಮಾತ್ರ ಗೊತ್ತು. ಈ ವಯಸ್ಸಿನಲ್ಲೂ ನಾಚಿಕೆಯಾಗುತ್ತದೆ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಚಳಿಗಾಲದ ಒಂದು ದಿನ ಪರಂಗಿಯವರು ಹೋದರೆಂದು ರೇಡಿಯೋ ಹೇಳಿತು. ವ್ಯಾಪಾರಿ ಬೆಲ್ಲ ಹಂಚಿದ. ಹೋಟೆಲಿನ ಮುಂದೆ ಜನ ಕುಣಿದರು. ನಮ್ಮ ಮನೆಯಲ್ಲಿ ಬೆಲ್ಲ ತಾಟಿನಲ್ಲೇ ಉಳಿಯಿತು. ಹಾದಿ ತೆರೆಯಿತೆಂದರೆ ಸಿದ್ದಪ್ಪ ಮಾಮಾ ಬರುವ ಹಾದಿಯೂ ತೆರೆಯಿತು. ಮುಂದೆ ಸ್ವಲ್ಪ ದಿನಕ್ಕೆ ಮಿರಜಿಯಿಂದ ಗಾಡಿ ಮತ್ತೆ ಶುರುವಾದಾಗ ಆಯಿ ಮಾಲನ್‌ಳನ್ನು ಶಾಲೆ ಬಿಡಿಸಿದಳು. ಅಪ್ಪನೊಬ್ಬನೇ, ತಾನು ಹೋಗಿ ತಂಗಿಯ ಗಂಡನೊಡನೆ ಮಾತಾಡಿ ಬರುತ್ತೇನೆ ಎಂದ. ಬೇಡ ಎಂದವಳು ಅತ್ತಿ.

"ಬಿಡೂದಿಲ್ಲ ಅಂದಾನಲ್ಲಣ್ಣ. ನೀ ಹೋಗಿ ಅವನ ಸಿಟ್ಟ ಎಬ್ಬಿಸಬ್ಯಾಡ."

ಅದೇ ವಾರ ಶಾಲೆಯಲ್ಲಿ ಗುರುಜಿ ಗೋಡೆಗೆ ನಕಾಶೆ ತೂಗುಹಾಕಿ, ಉತ್ಸಾಹದಿಂದ ಕೋಲನ್ನು ಕರಾವಳಿಯ ಗುಂಟ ಇಳಿಸುತ್ತಾ ಬಂದರು. ಮುಂಬಯಿ, ರತ್ನಾಗಿರಿ, ಆಮೇಲೆ ಮಾರ್ಮಗೋವೆ. ಅಲ್ಲಿ ಕೋಲು ನಿಂತಿತು.

"ಹೇ ಬಘಾ. ಆತಾ ಹೇ ಬಂದರ ಆಪಲಂ. ಬಂದರ ಮ್ಹಣಜೇ ಕಾಯ, ಕೋಣ ಸಾಂಗೇಲ?"

ಈಗ ಈ ಬಂದರ ನಮ್ಮದು ಎಂದು ಹೇಳಿ, ಬಂದರ ಎಂದರೇನು ಎಂದು ಕೇಳಿದ್ದರು. ಮಿರಜಿಯ ಕಡೆಯ ಒಬ್ಬ ಹುಡುಗಿ, ಮನೆಯಲ್ಲಿ ಉರ್ದು ಆಡುವವಳು, ಮಂಗ ಎಂದಳು. ವರ್ಗವೆಲ್ಲ ನಕ್ಕಿತು. ಗುರುಜಿಯೂ ನಕ್ಕು, ಹಡಗುಗಳು ಬಂದು ನಿಲ್ಲುವ ಜಾಗಕ್ಕೆ ಬಂದರ ಎನ್ನುತ್ತಾರೆ ಎಂದರು. ಕಾಲಿಗೆ ಚಿಂದಿ ಸುತ್ತಿದ ಆ ಮನುಷ್ಯ ಮತ್ತೆ ನನ್ನ ಮುಂದೆ ನಿಂತ. ಏನ ಆದ್ರೂ ಬಂದರ ಬಿಡೂದಿಲ್ಲ ಅಂದಾನ. ಏನೇ ಆದರೂ ಈ ಬಂದರನ್ನು ಬಿಟ್ಟು ಬರುವುದಿಲ್ಲ, ಇಲ್ಲೇ ಇರುತ್ತೇನೆ ಎಂದು ಹೆಂಡತಿಗೆ ಹೇಳಿಕಳಿಸಿದ್ದ ಸಿದ್ದಪ್ಪ ಮಾಮಾ. ನಾನು ಅದನ್ನು ಕೊಲೆಯ ಮಾತು ಮಾಡಿ ಮನೆಗೆ ಮುಟ್ಟಿಸಿದ್ದೆ. ಮೂರು ವರ್ಷ ಅತ್ತಿಯ ಗಂಡನನ್ನು ರಾಕ್ಷಸ ಮಾಡಿದ್ದೆ. ಮಾಲನ್ ಪೇವಿನಲ್ಲಿ ಕಾಲಿಟ್ಟದ್ದು ನನ್ನಿಂದ.

ಮೂರು ದಿನ ನಾನು ಹೇಳಲಿಲ್ಲ. ಹೇಳಿದರೆ ಎಲ್ಲರೂ ಸೇರಿ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾರೆಂದು ನಂಬಿದ್ದೆ. ಜ್ವರ ಬಂತು. ಅವ್ವ ಹಣೆಗೆ ಒದ್ದೆ ಬಟ್ಟೆ ಹಾಕಿದಾಗ, ಇವಳಿಗೆ ಗೊತ್ತಾದರೆ ಈ ಬಟ್ಟೆಯನ್ನೂ ಕಿತ್ತುಕೊಳ್ಳುತ್ತಾಳೆ ಎನ್ನಿಸಿತು. ನಾಲ್ಕನೇ ದಿನ ಜ್ವರ ಬಿಟ್ಟಿತು. ಅಂಗಳದಲ್ಲಿ ಆ ವರ್ಷದ ಮೊದಲ ಅರಿಸಿನ ಕುದಿಸಿ ಹರವಿದ್ದರು. ಅತ್ತಿ ಒಬ್ಬಳೇ ಬಿಸಿಲಲ್ಲಿ ಕೂತು ಕೊಂಬುಗಳನ್ನು ತಿರುವಿ ಹಾಕುತ್ತಿದ್ದಳು. ನಾನು ಅವಳ ಮುಂದೆ ಕೂತು, ನೆಲ ನೋಡುತ್ತಾ, ನಕಾಶೆಯ ವಿಷಯದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ನನ್ನನ್ನು ಹೊಡಿ ಎಂದೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ನನಗ ಗೊತ್ತಿತ್ತು," ಎಂದಳು.

ನಾನು ತಲೆ ಎತ್ತಿದೆ.

"ಅವತ್ತ ಗೊತ್ತಿತ್ತು. ನಾ ಧಕ್ಕಿ ಅಂತಿದ್ದೆ, ಅವರ ಟೋಳಿಯವರು ಬಂದರ ಅಂತಿದ್ರು. ಏಳ ವರ್ಷ ಕೇಳಿದ ಮಾತು. ನಿಮ್ಮ ಆಯಿ ಬ್ಯಾರೆ ಅರ್ಥ ಹಚ್ಚಿದ್ಳು, ನಾ ಸುಮ್ನಾದೆ."

"ಯಾಕ?"

"ಎಲ್ಲಾರೂ ಹೆದರಿದ್ರಿ. ಗಂಡನ ಮನಿಗೆ ಹೋಗು ಅನ್ನಾವರು ಯಾರೂ ಉಳೀಲಿಲ್ಲ."

"ಮಾಮಾ ಹೊಡೀತಿದ್ರೇನು?"

"ಒಂದ ದಿನಾ ಕೈ ಎತ್ತಿಲ್ಲ, ಪಾಪ." ಅವಳು ಒಂದು ಕೊಂಬು ಎತ್ತಿ ಮುರಿದು ನೋಡಿ ಇಟ್ಟಳು. "ಅಲ್ಲಿ ನಾ ಸಂತ್ಯಾಗ ಸೈತ ಗಟ್ಟಿ ಮಾತಾಡಿದಾಕಿ ಅಲ್ಲ. ದಿನಾ ಸಂಜೀಕ ಇವ ಮನಿಗೆ ಬರ್ತಾನೋ, ಹಿಡಕೊಂಡ ಹೋದ್ರೋ ಅಂತ ಬಾಗಲಾ ನೋಡಕೋತ ಕುಂದ್ರೂದು. ಇಲ್ಲಿ ಬಂದ ಎರಡ ದಿನಕ್ಕ ನಿಮ್ಮ ಆಯಿ ಕೂಡ ಜಗಳಾಡಿದೆ. ಎಷ್ಟ ಗಟ್ಟಿ ಒದರಿದ್ನಿ ಅಂದ್ರ ನನಗ ನಗು ಬಂತು. ಆಮ್ಯಾಲ ಹೋಗಲಿಕ್ಕೆ ಮನಸ ಆಗಲಿಲ್ಲ. ಈಗ ಆ ಪೊಲೀಸರಿಲ್ಲ, ಖರೆ. ಈಗ ಯಾವ ಮಾರಿ ತಗೊಂಡ ಹೋಗ್ಲಿ?"

ನನ್ನ ತಪ್ಪನ್ನು ಹಗುರ ಮಾಡಲು ಅವಳು ಹಾಗೆ ಹೇಳಿದಳೆಂದು ಬಹಳ ವರ್ಷ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಅವಳು ನನ್ನ ಮೇಲೆ ಕರುಣೆಯಿಂದ ಮಾತಾಡಲಿಲ್ಲ, ದಣಿದು ಮಾತಾಡಿದಳು. ಆಗ ನನ್ನ ಎದೆಯಿಂದ ಕಲ್ಲು ಇಳಿದಂತಾಯಿತು. ಅಪರಾಧ ನನ್ನೊಬ್ಬಳದಲ್ಲ ಎಂಬ ಸಂತೋಷ. ಆ ಸಂತೋಷ ಒಂದು ನಿಮಿಷವೂ ಇರಲಿಲ್ಲ, ಏಕೆಂದರೆ ಗೋಣಿಚೀಲಗಳ ಹಿಂದಿನಿಂದ ಮಾಲನ್ ಎದ್ದು ಬಂದಳು. ಬೆಳಿಗ್ಗೆಯಿಂದ ನಾವೇ ಅವಳನ್ನು ಅಲ್ಲಿ ಕೂರಿಸಿದ್ದೆವು. ಫ್ರಾಕಿನ ತುಂಬ ಸೆಣಬಿನ ಎಳೆ. ಅವಳು ಅತ್ತಿಯ ಎದುರು ಬಂದು ನಿಂತಳು.

"ಅಂದ್ರ ಅಪ್ಪ ನನ್ನ ಹೊಡ್ಯಾಂವಲ್ಲೇನು?"

ಅತ್ತಿಯ ಕೈ ನಿಂತಿತು.

"ಯವ್ವಾ, ಅಪ್ಪ ಹೊಡ್ಯಾಂವಲ್ಲೇನು?"

ಅತ್ತಿ ಬಾಯಿ ತೆರೆದಳು. ಅಂಗಳದಾಚೆಗೆ ಕೇಳಿಸುವ ಅವಳ ದನಿ ಎಲ್ಲಿ ಹೋಯಿತೋ. ನಮ್ಮ ಮನೆಯಲ್ಲಿ ಅವಳು ನಿಜವಾಗಿ ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ, ಅದೂ ಒಂಬತ್ತು ವರ್ಷದ ಮಗಳಿಗೆ. ಮಾಲನ್ ತನ್ನ ಅವ್ವನನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಮಿರಜಿಯಿಂದ ಗಾಡಿ ಎಷ್ಟಕ್ಕ ಐತಿ?"

ಗೋವೆಯಿಂದ ಬರುವ ಗಾಡಿಯ ಹೊತ್ತು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಅಲ್ಲಿಗೆ ಹೋಗುವ ಗಾಡಿ ಎಷ್ಟಕ್ಕೆಂದು ಯಾರೂ ಕೇಳಿಕೊಂಡಿರಲಿಲ್ಲ.